ಕುಂಬಳಕ್ಕೆ ಮೊದಲ ಚೂರಿ

"ಗುರುಗಳೇ, ಒಬ್ಬ ಮನುಷ್ಯ ಒಂದು ನಿಯಮವನ್ನೂ ಬಿಡದೆ ಪಾಲಿಸಿದರೆ, ತಪ್ಪು ಅವನ ಮನೆಯೊಳಕ್ಕೆ ಯಾವ ಬಾಗಿಲಿನಿಂದ ಬರುತ್ತದೆ?"

ಕೇಳಿದ ಶಿಷ್ಯ ಕಟ್ಟುನಿಟ್ಟಿನವನು. ಹನ್ನೊಂದು ವರ್ಷಗಳಲ್ಲಿ ಒಂದು ದಿನವೂ ತಡವಾಗಿ ಎದ್ದವನಲ್ಲ. ಬೇರೆಯವರು ತಡವಾಗಿ ಎದ್ದದ್ದನ್ನು ಮರೆತವನೂ ಅಲ್ಲ. ಯಾವ ಬಾಗಿಲಿನಿಂದಲೂ ಬರುವುದಿಲ್ಲ ಎಂದು ಗುರುಗಳು ಹೇಳಲಿ ಎಂದೇ ಅವನು ಕೇಳಿದ್ದ.

ಗುರುಗಳು ಹೇಳಿದರು: "ಕೂತುಕೋ. ಒಂದು ಹಬ್ಬದ ಅಡುಗೆಯ ವಿಷಯ ಹೇಳುತ್ತೇನೆ."

"ಅಡುಗೆಯ ವಿಷಯವೇ?"

"ಅಡುಗೆಯದೇ. ಹಸಿದಿದ್ದರೆ ಮೊದಲು ಊಟ ಮಾಡಿ ಬಾ. ಕೇಳಿದ ಮೇಲೆ ಸೇರುವುದಿಲ್ಲ."

ಶಿಷ್ಯ ಕೂತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಬೇಳೆ, ಬೆಲ್ಲ, ಮೆಣಸು ಮಾರುತ್ತಿದ್ದ. ಅವನ ತಕ್ಕಡಿಯ ಮುಳ್ಳನ್ನು ಯಾರೂ ಬಗ್ಗಿ ನೋಡುತ್ತಿರಲಿಲ್ಲ, ನೋಡುವ ಅಗತ್ಯವಿರಲಿಲ್ಲ. ಸ್ನಾನದ ಹೊತ್ತು, ಪೂಜೆಯ ಹೊತ್ತು, ಊಟದ ಹೊತ್ತು ಒಂದೂ ಹೆಚ್ಚುಕಡಿಮೆಯಾಗುತ್ತಿರಲಿಲ್ಲ. ಅವನು ಅಂಗಡಿಯ ಬಾಗಿಲು ತೆರೆದರೆ ಬೀದಿಯ ಹೆಂಗಸರು ಅನ್ನಕ್ಕೆ ಎಸರಿಡುತ್ತಿದ್ದರು. ಅವನು ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ಹೇಳಿದರೆ ನೀನು ನಂಬುವುದಿಲ್ಲ.

ಮನೆಯಲ್ಲಿ ಮೂರೇ ಜನ. ವರ್ತಕ, ಅವನ ಹೆಂಡತಿ, ಅವನ ತಂದೆ. ತಂದೆಗೆ ಎಂಬತ್ತು ದಾಟಿತ್ತು. ಮೂರೂವರೆ ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡವನು ಮತ್ತೆ ಎದ್ದು ಓಡಾಡಲಿಲ್ಲ. ಒಳಕೋಣೆಯ ಮಂಚದ ಮೇಲೆಯೇ ಅವನ ದಿನ, ಅವನ ಊಟ. ಅವನನ್ನು ನೋಡಿಕೊಳ್ಳುತ್ತಿದ್ದವಳು ಸೊಸೆ.

ಆ ಮನೆಯಲ್ಲಿ ದೀಪಾವಳಿಯ ಪಾಡ್ಯದ ದಿನ ಬೀದಿಯ ಹನ್ನೆರಡು ಮನೆಗಳ ಹಿರಿಯರಿಗೆ ಊಟ. ಅಂದಿನ ಊಟದ ದೊಡ್ಡ ಅಡುಗೆ ಒಂದೇ. ಇಡೀ ಸಿಹಿಗುಂಬಳಕಾಯಿಯೊಳಗೆ ಹೂರಣ ತುಂಬಿ, ಹಾಗೆಯೇ ಬೇಯಿಸಿ, ಪಂಕ್ತಿಯ ಮುಂದೆ ತಂದು ಮುಚ್ಚಳ ತೆಗೆಯುವುದು. ಹನ್ನೆರಡು ಜನಕ್ಕೂ ಒಂದೇ ಕಾಯಿ ಸಾಲಬೇಕು. ಆದ್ದರಿಂದ ವರ್ತಕ ಎರಡು ತಿಂಗಳು ಮೊದಲೇ ಬಳ್ಳಿಯ ಹತ್ತಿರ ಹೋಗಿ ಕಾಯಿ ಗೊತ್ತು ಮಾಡಿ ಬರುತ್ತಿದ್ದ.

ಇಡೀ ಕುಂಬಳಕಾಯಿಗೆ ಹೆಂಗಸು ಮೊದಲು ಕತ್ತಿ ಹಾಕಬಾರದು. ಇದು ನಿನಗೂ ಗೊತ್ತು. ಮೊದಲು ಗಂಡಸು ಕೊಯ್ದು ಕೊಡಬೇಕು. ಆಮೇಲೆ ಅವಳು ಏನು ಬೇಕಾದರೂ ಮಾಡಿಕೊಳ್ಳಬಹುದು. ಆ ಮನೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಮನೆಯ ಎಲ್ಲ ಗಂಡಸರಲ್ಲಿ ಹಿರಿಯನೇ ಕೊಯ್ಯಬೇಕು. ಮುದುಕ ತನ್ನ ತಂದೆ ಸತ್ತ ವರ್ಷದಿಂದ ಕೊಯ್ಯುತ್ತಿದ್ದ. ಐವತ್ತನಾಲ್ಕು ವರ್ಷ. ಒಂದು ವರ್ಷವೂ ತಪ್ಪಿರಲಿಲ್ಲ.

ಹಾಸಿಗೆ ಹಿಡಿದ ಮೇಲೂ ತಪ್ಪಲಿಲ್ಲ. ಮೊದಲ ವರ್ಷ ಕಾಯಿಯನ್ನು ಮಂಚದ ಹತ್ತಿರ ತಂದರು. ಮುದುಕನ ಕೈ ನಡುಗಿತು. ಮಗ ಆ ಕೈಯ ಕೆಳಗೆ ತನ್ನ ಕೈ ಕೊಟ್ಟ. ಎರಡನೆಯ ವರ್ಷ ಆ ಕೈಯ ಮೇಲೆ ತನ್ನ ಕೈ ಇಟ್ಟ. ಮೂರನೆಯ ವರ್ಷ ಮುದುಕನ ಬೆರಳುಗಳನ್ನು ಚೂರಿಯ ಹಿಡಿಯ ಸುತ್ತ ತಾನೇ ಮಡಿಸಿ, ತನ್ನ ಕೈಯಿಂದ ಒತ್ತಿ ಕೊಯ್ದ. ಮುದುಕನ ಕೈ ಚೂರಿಯ ಮೇಲಿತ್ತು, ಅಷ್ಟೆ.

ಗುರುಗಳು ನಿಲ್ಲಿಸಿ ಕೇಳಿದರು: "ಇದರಲ್ಲಿ ತಪ್ಪಿದೆಯೆ?"

"ಇಲ್ಲ," ಎಂದ ಶಿಷ್ಯ. "ತಂದೆಯ ಗೌರವ ಉಳಿಯಿತು. ಕ್ರಮವೂ ಉಳಿಯಿತು."

"ನನಗೂ ಹಾಗೇ ಕಂಡಿತ್ತು," ಎಂದು ಗುರುಗಳು ಮುಂದುವರಿಸಿದರು.

ಕೊಯ್ಯುವುದರಲ್ಲಿ ಒಂದು ಕಸುಬಿದೆ. ಚೂರಿಯನ್ನು ನೆಟ್ಟಗೆ ಇಳಿಸಬಾರದು. ಒಳಮುಖವಾಗಿ ಓರೆ ಹಿಡಿಯಬೇಕು. ಆಗ ಮುಚ್ಚಳದ ಅಂಚು ಮೇಲೆ ಅಗಲ, ಕೆಳಗೆ ಕಿರಿದು. ಬೆಂದ ಮೇಲೂ ಅದು ಜಾಗದಲ್ಲಿ ಕೂತಿರುತ್ತದೆ. ನೆಟ್ಟಗೆ ಕೊಯ್ದರೆ ಮುಚ್ಚಳ ಕಾಯಿಯ ಹೊಟ್ಟೆಯೊಳಗೆ ಜಾರುತ್ತದೆ, ಹೂರಣಕ್ಕೆ ನೀರು ಇಳಿಯುತ್ತದೆ. ಮುದುಕನಿಗೆ ಇದು ಗೊತ್ತಿತ್ತು. ಮಗನಿಗೆ ಗೊತ್ತಿರಲಿಲ್ಲ. ಮಗ ಒತ್ತುತ್ತಿದ್ದಾಗಲೂ ಆ ನಡುಗುವ ಮಣಿಕಟ್ಟು ಓರೆಯ ಕಡೆಗೆ ಎಳೆಯುತ್ತಿತ್ತು. ಆದ್ದರಿಂದ ಮುಚ್ಚಳ ಪ್ರತಿ ವರ್ಷ ಸೊಟ್ಟಗೆ, ಹಲ್ಲುಹಲ್ಲಾಗಿ ಬರುತ್ತಿತ್ತು. ಆದರೆ ಬಿಗಿಯಾಗಿ ಕೂರುತ್ತಿತ್ತು.

"ನಿನ್ನ ಗಂಡ ಒತ್ತುತ್ತಾನೆ, ಓರೆ ನನ್ನದು," ಎಂದು ಮುದುಕ ಸೊಸೆಗೆ ಹೇಳುತ್ತಿದ್ದ.

ಆ ಅಡುಗೆಯನ್ನು ಸೊಸೆಗೆ ಕಲಿಸಿದವನೂ ಅವನೇ. ಅತ್ತೆ ತೀರಿಕೊಂಡ ಮೇಲೆ ಹೇಳಿಕೊಡುವವರು ಯಾರೂ ಇರಲಿಲ್ಲ. ಮುದುಕ ಅಡುಗೆಮನೆಯ ಹೊಸ್ತಿಲ ಆಚೆ ಕೂತು, ಹೆಂಡತಿಯ ಕೈ ನೋಡಿ ನೋಡಿ ತಿಳಿದದ್ದನ್ನೆಲ್ಲ ಸೊಸೆಗೆ ಒಪ್ಪಿಸಿದ್ದ. ಅಕ್ಕಿ ಎಷ್ಟು ನೆನೆಯಬೇಕು, ಬೇಳೆ ಎಷ್ಟು, ತೆಂಗಿನಕಾಯಿ ಯಾವಾಗ, ಬೆಲ್ಲ ಬೇಕೋ ಬೇಡವೋ. ಮಾವ ಸೊಸೆಯರ ನಡುವೆ ಇದ್ದ ಸಲಿಗೆ ಆ ಅಡುಗೆಯಿಂದ ಬಂದದ್ದು.

ನಾಲ್ಕನೆಯ ವರ್ಷ, ಹಬ್ಬದ ಹಿಂದಿನ ದಿನ ಅವಳು ಮಂಚದ ಪಕ್ಕ ಕೂತು ಹೆಸರುಬೇಳೆ ಆರಿಸುತ್ತಿದ್ದಳು. ಮುದುಕ ಹೇಳಿದ: "ನಾಳೆ ನನ್ನ ಪಾಲನ್ನು ಚೆನ್ನಾಗಿ ಹಿಸುಕಿ ತಾ."

"ಹೋದ ವರ್ಷವೂ ಹಿಸುಕಿಯೇ ಕೊಟ್ಟೆ, ಮಾವ."

"ಹೋದ ವರ್ಷ ಎರಡು ಹಲ್ಲಿದ್ದವು. ನೀನು ಅವುಗಳ ಮೇಲೆ ಭಾರ ಹಾಕಿದ್ದೆ."

ಅವಳು ನಕ್ಕಳು. "ಕಲ್ಲು ಸಿಕ್ಕರೆ ಬೈಯಬೇಡಿ ಮತ್ತೆ."

"ನನಗೆ ಸಿಕ್ಕರೆ ನುಂಗುತ್ತೇನೆ. ಬಂದವರಿಗೆ ಸಿಗದ ಹಾಗೆ ನೋಡಿಕೋ. ಅವರಿಗೆ ಹಲ್ಲೂ ಇದೆ, ಬಾಯೂ ಇದೆ."

ಸ್ವಲ್ಪ ಹೊತ್ತು ಬಿಟ್ಟು ಅವನು ಹೇಳಿದ: "ಒಂದು ಮಾತು. ನಾನು ಹೋದ ದಿನ ನನ್ನನ್ನು ಒಬ್ಬನೇ ಬಿಡಬೇಡ. ನಿನ್ನ ಗಂಡ ಅದು ಎಲ್ಲಿ, ಇದು ಎಲ್ಲಿ ಎಂದು ಓಡಾಡುತ್ತಾನೆ. ಅವನ ಸ್ವಭಾವ, ಓಡಾಡಲಿ. ನೀನು ಪಕ್ಕದಲ್ಲಿ ಕೂತಿರು."

"ಹಬ್ಬದ ಹೊತ್ತಲ್ಲಿ ಏನು ಮಾತು ಇದು."

"ಕೂತಿರುತ್ತೀಯೋ ಇಲ್ಲವೋ?"

"ಕೂತಿರುತ್ತೇನೆ ಮಾವ."

"ಸರಿ. ಬೇಳೆ ನೋಡು."

ಪಾಡ್ಯದ ಬೆಳಿಗ್ಗೆ ಅವಳು ಎಂದಿನಂತೆ ಬಿಸಿನೀರು ಹಿಡಿದು ಒಳಕೋಣೆಗೆ ಹೊರಟಳು. ಗಂಡ ಬಾಗಿಲ ಹತ್ತಿರ ನಿಂತಿದ್ದ. "ನಾನೇ ನೋಡಿದೆ. ಅಪ್ಪ ಮಲಗಿದ್ದಾರೆ. ನೀನು ಹೊರಗೆ ರಂಗೋಲಿ ಹಾಕು," ಎಂದ. ಅವಳು ರಂಗೋಲಿ ಹಾಕಿ ಬಂದಾಗ ಅವನು ಕುಂಬಳಕಾಯಿಯನ್ನೂ ಚೂರಿಯನ್ನೂ ತೆಗೆದುಕೊಂಡು ಕೋಣೆಯೊಳಗೆ ಹೋಗಿ ಬಾಗಿಲು ಮುಂದೆ ಮಾಡಿದ್ದ. ಪ್ರತಿ ವರ್ಷ ಅರಿಶಿನ ಕುಂಕುಮದ ತಟ್ಟೆ ಹಿಡಿದು ಅವಳೂ ಒಳಗೆ ಇರುತ್ತಿದ್ದಳು. ಈ ವರ್ಷ ಹೊರಗೆ ನಿಂತಳು. ಪ್ರತಿ ವರ್ಷಕ್ಕಿಂತ ಹೆಚ್ಚು ಹೊತ್ತಾಯಿತು.

ಅವನು ಹೊರಗೆ ಬಂದ. ಕೊಯ್ದ ಕಾಯಿಯನ್ನು ನೆಲದ ಮೇಲೆ ಇಟ್ಟ. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದ.

"ಎದ್ದಿದ್ದರಲ್ಲ, ಮತ್ತೆ ಚಿಲಕ ಯಾಕೆ ರೀ?" ಎಂದಳು.

"ಮತ್ತೆ ಮಲಗಿದರು. ಬೆಕ್ಕು ನುಗ್ಗೀತು. ಎಬ್ಬಿಸಬೇಡ." ಹಾಗೆಂದು ಬಾವಿಕಟ್ಟೆಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡ. ಸ್ನಾನ ಒಮ್ಮೆ ಆಗಿತ್ತು. ಹಬ್ಬದ ದಿನ, ಮಡಿ ಹೆಚ್ಚು ಎಂದುಕೊಂಡಳು.

ಕಾಯಿಯ ಮುಂದೆ ಕೂತಳು. ಮುಚ್ಚಳದ ಸುತ್ತ ಗೆರೆ ನುಣುಪಾಗಿತ್ತು. ಒಂದು ಹಲ್ಲೂ ಇರಲಿಲ್ಲ. ಬಟ್ಟಲು ಬೋರಲು ಹಾಕಿ ಗೀರಿದ ಹಾಗಿತ್ತು. ಇವತ್ತು ಮಾವನ ಕೈಯಲ್ಲಿ ನಡುಕವಿಲ್ಲ, ಹಬ್ಬ ಬಂದದ್ದಕ್ಕೆ ಮೈ ಹಗುರವಾಗಿದೆ ಎಂದು ಅವಳಿಗೆ ಸಂತೋಷವಾಯಿತು.

ಮುಚ್ಚಳ ಎತ್ತಿದಳು. ಬೀಜ ಮತ್ತು ನಾರು ತೆಗೆದಳು. ಒಳಗೋಡೆಗೆ ಉಪ್ಪು, ಅರಿಶಿನ, ತುಪ್ಪ ಸವರಿದಳು. ನೆನೆಸಿದ ಅಕ್ಕಿಯನ್ನೂ ಬೇಳೆಯನ್ನೂ ಶುಂಠಿ, ಜೀರಿಗೆ, ಕುಟ್ಟಿದ ಮೆಣಸಿನೊಂದಿಗೆ ಅರೆಬೇಯಿಸಿ, ತೆಂಗಿನತುರಿ ಕಲಸಿ, ಮೂರು ಪಾಲು ತುಂಬಿ ಒಂದು ಪಾಲು ಬಿಟ್ಟಳು. ಅಕ್ಕಿ ಅರಳಲು ಜಾಗ ಬೇಕು. ಮುಚ್ಚಳ ಇಟ್ಟಳು. ಅದು ಒಳಗೆ ಜಾರಿತು.

ಎತ್ತಿ ಮತ್ತೆ ಇಟ್ಟಳು. ಮತ್ತೆ ಜಾರಿತು. ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಓರೆ ಇರಲಿಲ್ಲ. ಗೋಡೆಯ ಹಾಗೆ ನೆಟ್ಟಗಿತ್ತು. ಮಾವ ಮರೆತರೇನೋ ಎಂದುಕೊಂಡಳು. ಅವಸರದಲ್ಲಿ ಗಂಡ ತನಗೆ ತಿಳಿದಂತೆ ಎಳೆದಿರಬೇಕು ಎಂದುಕೊಂಡಳು. ತೆಂಗಿನಗರಿಯ ಕಡ್ಡಿಗಳನ್ನು ನಾಲ್ಕರ ಬದಲು ಹನ್ನೆರಡು ಚುಚ್ಚಿ ಮುಚ್ಚಳ ನಿಲ್ಲಿಸಿದಳು. ಬಾಳೆಲೆ ಸುತ್ತಿ, ಹಂಡೆಯ ತಳದಲ್ಲಿ ಹುಲ್ಲು ಹಾಸಿ, ಅದರ ಮೇಲೆ ಕಾಯಿ ಕೂರಿಸಿ, ಕೆಳಗೆ ನೀರು ಬಿಟ್ಟು ಬೆಂಕಿ ಹಚ್ಚಿದಳು.

ಮಧ್ಯಾಹ್ನದ ಹೊತ್ತಿಗೆ ಕಾಯಿ ಬೆಂದಿತು. ಹನ್ನೆರಡು ಜನ ಬಂದು ಪಡಸಾಲೆಯಲ್ಲಿ ಕೂತರು. ಮೊದಲ ತುತ್ತು ಮೊದಲ ಚೂರಿ ಹಾಕಿದವನದು. ಇದೂ ಆ ಮನೆಯ ಕ್ರಮ. ಗಂಡ ಪಡಸಾಲೆಯಲ್ಲಿ ಬಂದವರನ್ನು ಉಪಚರಿಸುತ್ತಿದ್ದಾಗ ಅವಳು ಕಡ್ಡಿಗಳನ್ನು ಕಿತ್ತು ಒಂದು ಸೌಟು ತೆಗೆದು, ನುಣ್ಣಗೆ ಹಿಸುಕಿ, ಬಟ್ಟಲಲ್ಲಿ ಹಾಕಿಕೊಂಡು, ಚಿಲಕ ತೆಗೆದು ಒಳಗೆ ಹೋದಳು.

ಮುದುಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಎರಡು ಸಲ ಕರೆದಳು. ಹೆಗಲು ಮುಟ್ಟಿದಳು. ಕೈ ಹಿಂದಕ್ಕೆ ತೆಗೆದಳು.

ಅವನು ಆಗ ಸತ್ತವನಲ್ಲ. ಬೆಳಕು ಹರಿಯುವ ಮೊದಲೇ ಸತ್ತವನು. ಮೈ ಕಟ್ಟಿಗೆಯಾಗಿತ್ತು. ಬಲಗೈ ಹೊದಿಕೆಯ ಹೊರಗೆ ಇತ್ತು. ಸತ್ತ ಬೆರಳು ಹಿಡಿಯನ್ನು ಹಿಡಿಯುವುದಿಲ್ಲ. ಆದ್ದರಿಂದ ಯಾರೋ ಹಬ್ಬದ ಹೊಸ ಪಂಚೆಯ ಅಂಚನ್ನು ಹರಿದು, ಮುಷ್ಟಿಯನ್ನು ಚೂರಿಯ ಹಿಡಿಗೆ ಸುತ್ತಿ ಕಟ್ಟಿದ್ದರು. ಚೂರಿ ಬಿಚ್ಚಿಕೊಂಡು ಹೋಗಿದ್ದರು. ಬಟ್ಟೆಯ ತುಂಡು ಮಣಿಕಟ್ಟಿನಲ್ಲೇ ಉಳಿದಿತ್ತು. ಬೆರಳ ಗೆಣ್ಣುಗಳಲ್ಲಿ ಕುಂಬಳದ ಹಳದಿ ಒಣಗಿತ್ತು.

ಅವಳು ಬಟ್ಟಲನ್ನು ನೆಲದ ಮೇಲಿಟ್ಟಳು. ಅಡುಗೆಮನೆಗೆ ಬಂದಳು. ಗಂಡ ತುಪ್ಪ ಕಾಯಿಸುತ್ತಿದ್ದ.

"ಮಾವ..." ಎಂದಳು.

"ನಿಲ್ಲಿಸು," ಎಂದ. ಅವನ ದನಿ ಮೆತ್ತಗಿತ್ತು. "ಆ ಮಾತು ಬಾಯಿಂದ ಹೊರಗೆ ಬರಬಾರದು. ಬಂದರೆ ಸೂತಕ. ಬರದಿದ್ದರೆ ಹಬ್ಬ."

"ನಿಮಗೆ ಗೊತ್ತಿತ್ತು."

"ನನಗೆ ಯಾರೂ ಹೇಳಿಲ್ಲ. ಸಾವು ಕಿವಿಗೆ ಬಿದ್ದ ಮೇಲೆಯೇ ಸೂತಕ ಹಿಡಿಯುವುದು. ನೂರು ಗಾವುದ ದೂರದಲ್ಲಿ ಸತ್ತವನ ಮಗ ಸುದ್ದಿ ತಿಳಿಯುವವರೆಗೆ ಹಬ್ಬ ಮಾಡುತ್ತಾನೆ, ಅವನಿಗೆ ದೋಷವುಂಟೆ? ಹೇಳು."

"ಅವನು ದೂರದಲ್ಲಿರುತ್ತಾನೆ ರೀ. ನೀವು ಅವರ ಕೈ ಹಿಡಿದುಕೊಂಡಿದ್ದಿರಿ."

ವರ್ತಕನ ಕಣ್ಣಲ್ಲಿ ನೀರು ಬಂತು. ಅವನು ಅದನ್ನು ಒರೆಸಿಕೊಳ್ಳಲಿಲ್ಲ. "ಐವತ್ತನಾಲ್ಕು ವರ್ಷ ಅವರು ಬಿಡಲಿಲ್ಲ. ಅವರು ಸತ್ತರೆಂದು ಅವರ ಕ್ರಮವನ್ನು ಅವತ್ತೇ ಮುರಿಯಲೆ? ನಾನು ಕೊಯ್ದಿದ್ದರೆ ಹಿರಿಯನಿರುವಾಗ ಕಿರಿಯ ಕೊಯ್ದ ಹಾಗೆ. ಬಿಟ್ಟಿದ್ದರೆ ಈ ವರ್ಷದ ಹಬ್ಬ ತಪ್ಪಿದ ಹಾಗೆ. ಬೇರೆ ದಾರಿ ಇರಲಿಲ್ಲ. ಬೆಳಗಿನಿಂದ ನಾನು ಪಟ್ಟದ್ದು ನನಗೆ ಗೊತ್ತು. ಇವರು ಉಂಡು ಹೋಗಲಿ. ಆಮೇಲೆ ನೀನು ಒಳಗೆ ಹೋಗು, ನೋಡು, ಬಂದು ಹೇಳು. ನಾನು ಕೇಳುತ್ತೇನೆ, ಅಳುತ್ತೇನೆ. ಹೊತ್ತು ಮುಳುಗುವುದರೊಳಗೆ ಎಲ್ಲವೂ ಕ್ರಮದಂತೆ ಆಗುತ್ತದೆ."

"ಅಲ್ಲಿಯವರೆಗೆ ಅವರ ಪಕ್ಕದಲ್ಲಿ ಯಾರು ಕೂರುತ್ತಾರೆ?"

"ಎಲೆ ಹಾಕಿಯಾಗಿದೆ," ಎಂದ. "ನಡೆ."

ಗುರುಗಳು ಮುಂದೆ ಹೇಳಿದರು.

ಹಿತ್ತಾಳೆಯ ಪರಾತದಲ್ಲಿ ಕುಂಬಳವನ್ನು ಪಂಕ್ತಿಯ ನಡುವೆ ತಂದಿಟ್ಟರು. ಮುಚ್ಚಳ ತೆಗೆದರು. ಹಬೆ ಎದ್ದಿತು. ಎಲ್ಲರೂ ಬಗ್ಗಿ ನೋಡಿದರು. ಪಂಕ್ತಿಯ ತಲೆಯಲ್ಲಿ ಕೂತವನು ಮುದುಕನ ಬಾಲ್ಯದ ಗೆಳೆಯ. ಊರಿನ ವಿಧಿ ನಿಷೇಧಗಳನ್ನೆಲ್ಲ ಬಲ್ಲವನು. ಯಾವ ದಿನ ಏನು ಮಾಡಬಹುದು, ಏನು ಮಾಡಬಾರದು ಎಂದು ಎಲ್ಲರೂ ಕೇಳುತ್ತಿದ್ದದ್ದು ಅವನನ್ನೇ.

ಅವನು ಮುಚ್ಚಳವನ್ನು ಕೈಯಲ್ಲಿ ತಿರುಗಿಸಿ ನೋಡಿ ಹೇಳಿದ: "ಏನಮ್ಮಾ, ನಮ್ಮವನ ಕೈ ಎಂಬತ್ತು ಕಳೆದ ಮೇಲೆ ತಿದ್ದಿತಲ್ಲ. ಹುಡುಗನಾಗಿದ್ದಾಗ ಒಂದು ಗೆರೆ ನೆಟ್ಟಗೆ ಎಳೆದವನಲ್ಲ. ಮರಳಿನ ಮೇಲೆ ಅಕ್ಷರ ಬರೆಸಿದರೆ ಏಡಿ ಓಡಾಡಿದ ಹಾಗಿರುತ್ತಿತ್ತು."

ಎಲ್ಲರೂ ನಕ್ಕರು. ವರ್ತಕನೂ ನಕ್ಕ. ಎಲೆಗಳಿಗೆ ಕುಂಬಳ ಬಿತ್ತು, ಹೂರಣ ಬಿತ್ತು. ಎಲೆಯ ಸುತ್ತ ನೀರು ಸುತ್ತಿ ಉಣ್ಣತೊಡಗಿದರು. ಬಹಳ ಚೆನ್ನಾಗಿತ್ತು. ಯಾರೂ ಮಾತನಾಡಲಿಲ್ಲ, ಅಷ್ಟು ಚೆನ್ನಾಗಿತ್ತು.

ಅವಳು ಪಂಕ್ತಿಯ ನಡುವೆ ನಿಂತು ಹೇಳಿದಳು: "ಮಾವ ತೀರಿಕೊಂಡಿದ್ದಾರೆ. ಬೆಳಗಿನ ಜಾವವೇ ತೀರಿಕೊಂಡಿದ್ದಾರೆ."

ಹನ್ನೆರಡು ಕೈಗಳೂ ನಿಂತವು.

ಊಟದ ನಡುವೆ ಸಾವಿನ ಸುದ್ದಿ ಕಿವಿಗೆ ಬಿದ್ದರೆ ಏನು ಮಾಡಬೇಕೆಂದು ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಎಲೆ ಬಿಟ್ಟು ಏಳಬೇಕು. ಸ್ನಾನ ಮಾಡಬೇಕು. ಅಂದು ಉಪವಾಸ. ಸತ್ತ ಮನೆಯ ಅನ್ನ ಉಂಡದ್ದಕ್ಕೆ ಬೇರೆ ಪ್ರಾಯಶ್ಚಿತ್ತ. ಹೆಣ ಎತ್ತುವವರೆಗೆ ಇಡೀ ಬೀದಿಯಲ್ಲಿ ಒಲೆ ಹಚ್ಚುವ ಹಾಗಿಲ್ಲ. ಹನ್ನೆರಡು ಮನೆಗಳಲ್ಲಿ ಹಬ್ಬಕ್ಕೆ ಬಂದ ಅಳಿಯಂದಿರಿದ್ದರು, ಮಕ್ಕಳಿದ್ದರು, ಒಲೆಯ ಮೇಲೆ ಹಬ್ಬದ ಅಡುಗೆ ಇತ್ತು.

ಎಲ್ಲರೂ ಪಂಕ್ತಿಯ ತಲೆಯಲ್ಲಿದ್ದ ಆ ಹಿರಿಯನ ಕಡೆ ನೋಡಿದರು. ಹಿರಿಯ ತನ್ನ ಎಲೆಯನ್ನು ನೋಡಿದ. ಅವನು ಬಹಳ ನಿಧಾನವಾಗಿ ಹೇಳಿದ:

"ತಾಯಿ, ನನಗೆ ಕಿವಿ ಮಂದ. ಏನಿದ್ದರೂ ಊಟವಾದ ಮೇಲೆ ಹೇಳು."

ಅವನ ಕಿವಿ ಚೆನ್ನಾಗಿಯೇ ಇತ್ತು. ಬೀದಿಯ ತುದಿಯಲ್ಲಿ ಮಂತ್ರ ತಪ್ಪಿದರೆ ಈ ತುದಿಯಿಂದ ತಿದ್ದುತ್ತಿದ್ದವನು.

ಅವನ ಪಕ್ಕದವನು, "ಒಳಗೆ ಏನೋ ಪಾತ್ರೆ ಬಿದ್ದ ಸದ್ದಾಯಿತು," ಎಂದ. ಅವನ ಪಕ್ಕದವನು ತಲೆಯಾಡಿಸಿದ. ಒಂದು ಕೈ ಎಲೆಗೆ ಇಳಿಯಿತು. ಇನ್ನೊಂದು ಇಳಿಯಿತು.

ಅವಳು ಗಂಡನನ್ನು ನೋಡಿದಳು. ಅವನು ಗೋಡೆಯ ಕಡೆ ತಿರುಗಿ ನಿಂತಿದ್ದ. ಅವಳು ಎರಡನೆಯ ಸಲ ಹೇಳಿದಳು. ಈ ಸಲ ಗಟ್ಟಿಯಾಗಿ, ಒಂದೊಂದು ಮಾತನ್ನೂ ಬಿಡಿಸಿ ಹೇಳಿದಳು. "ಮಾವ ಸತ್ತಿದ್ದಾರೆ. ಒಳಗೆ ಒಬ್ಬರೇ ಇದ್ದಾರೆ. ಅವರ ಕೈಗೆ ಚೂರಿ ಕಟ್ಟಿ ಕೊಯ್ದಿದ್ದಾರೆ. ನೀವು ತಿನ್ನುತ್ತಿರುವುದು ಅದನ್ನೇ."

ಯಾರೂ ತಲೆ ಎತ್ತಲಿಲ್ಲ. ಸಾಲಿನ ಕೊನೆಯಿಂದ ಒಬ್ಬ, "ಇಲ್ಲಿಗೆ ಸ್ವಲ್ಪ ತುಪ್ಪ," ಎಂದ.

ಆ ಮಾತಿನಿಂದ ಎಲ್ಲರಿಗೂ ಉಸಿರು ಬಂತು. ತುಪ್ಪ ಕೇಳುವ ಮನೆ ಸಾವಿನ ಮನೆಯಾಗಲಾರದು. ಇನ್ನೊಬ್ಬ ಹೂರಣ ಕೇಳಿದ. ಮತ್ತೊಬ್ಬ, ಈ ವರ್ಷ ಮೆಣಸು ಹದವಾಗಿದೆ ಎಂದ. ವರ್ತಕ ಬಂದು ಹೆಂಡತಿಯ ಕೈಯಿಂದ ತುಪ್ಪದ ಗಿಂಡಿ ತೆಗೆದುಕೊಂಡು ಸಾಲಿನ ಕೊನೆಗೆ ಹೋಗಿ ಬಡಿಸಿದ.

ಅವಳು ಒಳಗೆ ಹೋದಳು. ಮಂಚದಿಂದ ಮುದುಕನನ್ನು ಒಬ್ಬಳೇ ಇಳಿಸಿ ಚಾಪೆಯ ಮೇಲೆ ಮಲಗಿಸಿದಳು. ಮಣಿಕಟ್ಟಿನ ಬಟ್ಟೆ ಬಿಚ್ಚಿದಳು. ಪಕ್ಕದಲ್ಲಿ ಕೂತಳು. ಅಲ್ಲಿಂದ ಪಡಸಾಲೆಯ ಸದ್ದೆಲ್ಲ ಕೇಳಿಸುತ್ತಿತ್ತು. ಪಾಯಸ ಸುರಿಯುವ ಸದ್ದು. ಮೊಸರನ್ನಕ್ಕೆ ಉಪ್ಪು ಕೇಳಿದ್ದು. ಕೈ ತೊಳೆಯುವ ನೀರು. ವೀಳ್ಯದೆಲೆ ಮಡಿಸುತ್ತಾ ಒಬ್ಬರಿಗೊಬ್ಬರು ಅಡುಗೆಯನ್ನು ಹೊಗಳಿದ್ದು. ಮೊಸರನ್ನ ಮುಗಿಯುವವರೆಗೆ ಒಬ್ಬನೂ ಏಳಲಿಲ್ಲ.

ಕೊನೆಯವನು ಹೊಸ್ತಿಲು ದಾಟಿದ ಮೇಲೆ ವರ್ತಕ ಒಳಕೋಣೆಯ ಬಾಗಿಲಿಗೆ ಬಂದು ನಿಂತ.

"ಎಲ್ಲರೂ ಹೋದರು," ಎಂದ. "ಈಗ ಹೇಳು."

ಅವಳು ಹೇಳಲಿಲ್ಲ.

"ಹೇಳು. ನೀನು ಹೇಳದೆ ನಾನು ಹೇಗೆ ಅಳಲಿ?"

ಅವಳು ಅವನ ಮುಖವನ್ನೇ ನೋಡುತ್ತಾ ಕೂತಿದ್ದಳು. ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡು ಬಹಳ ಹೊತ್ತು ಕಾದ. ಆಮೇಲೆ ಅವನ ಗಂಟಲಿನಿಂದ ತಾನಾಗಿಯೇ ಒಂದು ಕೂಗು ಬಂತು. ಮಗುವಿನ ಕೂಗಿನ ಹಾಗಿತ್ತು. ಬೀದಿಯ ತುದಿಯವರೆಗೂ ಕೇಳಿಸಿತು.

ಹನ್ನೆರಡು ಜನವೂ ಓಡಿ ಬಂದರು. ಇನ್ನೂ ದೂರ ಹೋಗಿರಲಿಲ್ಲ. ಬಾಗಿಲಲ್ಲಿ ನಿಂತು, "ಯಾವಾಗ?" ಎಂದು ಕೇಳಿದರು.

"ಈಗ," ಎಂದ ವರ್ತಕ.

"ಈಗ ತಾನೇ ನಗುನಗುತ್ತಾ ಉಂಡು ಹೋದೆವಲ್ಲ," ಎಂದು ಹಿರಿಯ ಹಣೆ ಚಚ್ಚಿಕೊಂಡ. ಗೆಳೆಯನ ಕಾಲ ಹತ್ತಿರ ಕುಸಿದು ಬಿದ್ದು ಅತ್ತ. ಅವನ ಬಾಯಲ್ಲಿ ಇನ್ನೂ ತಾಂಬೂಲವಿತ್ತು. ಅವನ ಅಳು ಸುಳ್ಳಲ್ಲ. ವರ್ತಕನ ಅಳುವೂ ಸುಳ್ಳಲ್ಲ. ಅಲ್ಲಿ ಯಾರ ಅಳುವೂ ಸುಳ್ಳಾಗಿರಲಿಲ್ಲ. ಅದನ್ನು ನೋಡುತ್ತಾ ಕೂತವಳ ಕಣ್ಣಲ್ಲಿ ಮಾತ್ರ ನೀರು ಬರಲಿಲ್ಲ. ಎಂಥ ಕಲ್ಲು ಮನಸ್ಸು, ಸಾಕಿದ ಮಾವನಿಗೆ ಒಂದು ಹನಿ ಇಲ್ಲ ಎಂದು ಬೀದಿಯವರು ಆಮೇಲೆ ಆಡಿಕೊಂಡರು.

ಹೊತ್ತು ಮುಳುಗುವುದರೊಳಗೆ ಹೆಣ ಎತ್ತಿದರು. ಒಂದು ಕ್ರಮವೂ ತಪ್ಪಲಿಲ್ಲ. ಎತ್ತುವವರೆಗೆ ಬೀದಿಯಲ್ಲಿ ಯಾರೂ ಒಲೆ ಹಚ್ಚಲಿಲ್ಲ. ಯಾರಿಗೂ ಹಸಿವಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ತನ್ನ ಬಲಗೈಯನ್ನು ಉತ್ತರೀಯಕ್ಕೆ ಒರೆಸಿಕೊಳ್ಳುತ್ತಿದ್ದ, ಒರೆಸಿಕೊಳ್ಳುತ್ತಿದ್ದೇನೆಂದು ಅವನಿಗೆ ತಿಳಿದಿರಲಿಲ್ಲ. ಅವನು ಹೇಳಿದ: "ಹನ್ನೆರಡು ಜನ. ಒಬ್ಬನಾದರೂ ಏಳಬೇಕಿತ್ತು. ನಾನಾಗಿದ್ದರೆ ಏಳುತ್ತಿದ್ದೆ."

ಗುರುಗಳು ಅವನ ಬಲಗೈಯನ್ನು ನೋಡಿದರು.

ಶಿಷ್ಯ ಲೆಕ್ಕಾಚಾರದವನು. ಅವನಿಗೆ ಒಂದು ಕಡೆ ತೊಡಕು ಕಂಡಿತು. "ಗುರುಗಳೇ, ಒಂದು ಸಂಶಯ. ಆಕೆ ಹೇಳಿದ್ದು ಕೇಳಿಸಿತೆಂದು ಆ ಹನ್ನೆರಡು ಜನರಲ್ಲಿ ಯಾರೂ ಒಪ್ಪಿಕೊಂಡಿರಲಾರರು. ವರ್ತಕನೂ ಒಪ್ಪಿಕೊಂಡಿರಲಾರ. ಹಾಗಾದರೆ ಪಡಸಾಲೆಯಲ್ಲಿ ಆಡಿದ ಆ ಮಾತು ನಿಮ್ಮವರೆಗೆ ಬಂದದ್ದು ಹೇಗೆ? ಆಕೆಯೇ ಬಂದು ಹೇಳಿದಳೆ?"

ಗುರುಗಳು ಹೇಳಿದರು: "ಎರಡು ಸಲವೂ ನನಗೆ ಕೇಳಿಸಿತ್ತು, ತುಪ್ಪ ಕೇಳಿದವನು ನಾನು."